ಅಲುಗದ ಮುಳ್ಳು

ಆ ಇಡೀ ದಿನದ ರಾದ್ಧಾಂತಕ್ಕೆ ಕಾರಣ ಒಂದು ಸ್ಕ್ರೂ. ಕಿರುಬೆರಳಿನ ಉಗುರಿನಷ್ಟು ಉದ್ದದ್ದು. ಅದು ಬೆಳಿಗ್ಗೆ ಎಂಟಕ್ಕೆ ಕೈಜಾರಿ ಸಿಂಕಿನ ತೂತಿಗೆ ಬೀಳದೇ ಇದ್ದಿದ್ದರೆ ಗ್ರಾಂ ಸಾಹೇಬರು ಕೆಳಗಿನ ಮೊಳೆ ಅಂಗಡಿಗೆ ಹೋಗುತ್ತಿರಲಿಲ್ಲ, ಅಲ್ಲಿನ ತಕ್ಕಡಿಯನ್ನು ನೋಡುತ್ತಿರಲಿಲ್ಲ, ಆ ರಾತ್ರಿ ಐದು ಮಹಡಿಯ ಜನ ಕತ್ತಲಲ್ಲಿ ಕಲ್ಲಿನ ಹಾಗೆ ಕೂರುವ ಪ್ರಸಂಗವೂ ಬರುತ್ತಿರಲಿಲ್ಲ.

ಗ್ರಾಂ ಸಾಹೇಬರು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಒಂದು ಗ್ರಾಂ ಹೆಚ್ಚುಕಡಿಮೆಯಾದರೂ ಅಂಗಡಿಯವನ ಏಳು ತಲೆಮಾರನ್ನು ಎತ್ತಿ ಆಡಿಬಿಡುತ್ತಿದ್ದುದರಿಂದ ಕಟ್ಟಡದವರು ಕೊಟ್ಟ ಬಿರುದು ಅದು. ಸಿಟ್ಟು ಅವರಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು, ನಿಜ. ಆದರೆ ಅದು ಸ್ವಂತಕ್ಕೆ ಬರುವ ಸಿಟ್ಟಲ್ಲ, ನ್ಯಾಯಕ್ಕಾಗಿ ಬರುವ ಸಿಟ್ಟು. ಅಂಥದ್ದನ್ನು ಸಹಿಸುವುದು ಇನ್ನೂ ಕಷ್ಟ ಎಂದು ಅವರ ಹೆಂಡತಿ ಹೇಳುತ್ತಿದ್ದಳು.

ಇಂಥ ನ್ಯಾಯವಂತನಿಗೆ ಹನ್ನೊಂದು ತಿಂಗಳಿಂದ ಆಕಾಶವೇ ಮೋಸ ಮಾಡುತ್ತಿತ್ತು. ಸಾಹೇಬರು ತಾರಸಿಯ ಉತ್ತರದ ಮೂಲೆಯಲ್ಲಿ ಟೆಲಿಸ್ಕೋಪು ನಿಲ್ಲಿಸಿಕೊಂಡು, ಅದಕ್ಕೆ ಕ್ಯಾಮೆರಾ ಕಟ್ಟಿ, ಬರಿಗಣ್ಣಿಗೆ ಕಾಣದ ನೀಹಾರಿಕೆಗಳ ಫೋಟೋ ತೆಗೆಯಲು ಹೊರಟಿದ್ದರು. ಅಷ್ಟು ಮಸುಕಾದ ವಸ್ತುವಿಗೆ ಕ್ಯಾಮೆರಾ ಐದಾರು ನಿಮಿಷ ಕಣ್ಣು ಬಿಟ್ಟುಕೊಂಡಿರಬೇಕು. ಅಷ್ಟರಲ್ಲಿ ಭೂಮಿ ತಿರುಗುತ್ತದೆ, ನಕ್ಷತ್ರ ಸರಿಯುತ್ತದೆ. ಅದರ ಹಿಂದೆಯೇ ಟೆಲಿಸ್ಕೋಪನ್ನು ತಿರುಗಿಸಲು ಒಂದು ಮೋಟಾರು ಇದೆ. ಆದರೆ ಆ ಮೋಟಾರಿನ ಹಲ್ಲುಗಳು ಎಷ್ಟೇ ನಯವಿದ್ದರೂ ಒಂದು ಕೂದಲೆಳೆ ಎಡವುತ್ತವೆ. ಹಾಗಾಗಿ ಸೂಜಿಯ ತಲೆಯಂತೆ ಗುಂಡಗೆ ಬರಬೇಕಾದ ನಕ್ಷತ್ರಗಳು ಪ್ರತಿ ಸಲವೂ ಜೀರಿಗೆಯಂತೆ ಉದ್ದುದ್ದ ಬರುತ್ತಿದ್ದವು. ಹೋದ ತಿಂಗಳು ಫೋಟೋ ನೋಡಿದ ಮೂರನೇ ಮಹಡಿಯ ತಾತ, "ಜೀರಿಗೆ ಒಳ್ಳೆ ದಪ್ಪ ಇದೆ ಕಣಪ್ಪ, ಎಲ್ಲಿ ತಂದೆ?" ಎಂದು ಕೇಳಿದ್ದ.

ಈ ರೋಗಕ್ಕೆ ಮದ್ದು ಆಟೋಗೈಡಿಂಗ್ ಎಂದು ಸಾಹೇಬರು ಓದಿ ತಿಳಿದಿದ್ದರು. ದೊಡ್ಡ ಟೆಲಿಸ್ಕೋಪಿನ ಬೆನ್ನ ಮೇಲೆ ಒಂದು ಪುಟ್ಟ ಟೆಲಿಸ್ಕೋಪು ಕೂರಿಸಬೇಕು. ಅದರ ಹಿಂದೆ ಒಂದು ಪುಟ್ಟ ಕ್ಯಾಮೆರಾ. ಅದಕ್ಕೆ ಒಂದೇ ಕೆಲಸ: ಯಾವುದಾದರೂ ಒಂದು ನಕ್ಷತ್ರವನ್ನು ಕಣ್ಣು ಮಿಟುಕಿಸದೆ ನೋಡುತ್ತಿರುವುದು. ಅದು ಕೂದಲೆಳೆ ಸರಿದರೂ ಲ್ಯಾಪ್‌ಟಾಪಿಗೆ ಚಾಡಿ ಹೇಳುತ್ತದೆ, ಲ್ಯಾಪ್‌ಟಾಪು ಮೋಟಾರಿಗೆ ಗದರುತ್ತದೆ. "ಅಂದ್ರೆ ನೀವು ಸ್ಕೂಟರ್ ಓಡಿಸ್ತಿದ್ರೆ ಹಿಂದೆ ಕೂತು ನಾನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಅಂತೀನಲ್ಲ, ಹಾಗೆ" ಎಂದು ಹೆಂಡತಿ ಒಂದೇ ಉಸಿರಿಗೆ ಅರ್ಥಮಾಡಿಕೊಂಡಿದ್ದಳು. ಸಾಹೇಬರಿಗೆ ಆ ಹೋಲಿಕೆ ಹಿಡಿಸಿರಲಿಲ್ಲ.

ಪುಟ್ಟ ಟೆಲಿಸ್ಕೋಪು ಹಿಂದಿನ ದಿನ ಪಾರ್ಸೆಲಿನಲ್ಲಿ ಬಂದಿತ್ತು. ಬೆಳಿಗ್ಗೆ ಸಿಂಕಿಗೆ ಬಿದ್ದದ್ದು ಅದನ್ನು ಬಿಗಿಯುವ ಸ್ಕ್ರೂ. ಆ ದಿನ ರಾತ್ರಿಯೇ ಅದು ಕೆಲಸ ಮಾಡಲೇಬೇಕಿತ್ತು. ಏಕೆಂದರೆ ಕಟ್ಟಡಕ್ಕೆ ಹೊಸ ನೀರಿನ ಟ್ಯಾಂಕು ಬರುವುದಿತ್ತು, ಸಮಿತಿಯ ಕಣ್ಣು ಉತ್ತರದ ಮೂಲೆಯ ಮೇಲೆ ಬಿದ್ದಿತ್ತು. ಬೇರೆ ಮೂಲೆ ಇಲ್ಲವೇ? ಇತ್ತು. ಆದರೆ ಕೊಳವೆಗೆ ಈ ಮೂಲೆ ನಾಲ್ಕು ಅಡಿ ಹತ್ತಿರ. ನಾಲ್ಕು ಅಡಿ ಕೊಳವೆಗಾಗಿ ಇಡೀ ಬ್ರಹ್ಮಾಂಡವನ್ನು ಮುಚ್ಚುತ್ತೀರಾ ಎಂದು ಸಾಹೇಬರು ಸಭೆಯಲ್ಲಿ ಕೂಗಾಡಿದ್ದರು. ಕಡೆಗೆ ಒಂದು ರಾಜಿಯಾಗಿತ್ತು: ಮಂಗಳವಾರ ರಾತ್ರಿ ಒಂಬತ್ತೂವರೆಗೆ ಸಮಿತಿಯವರು ತಾರಸಿಗೆ ಬರುತ್ತಾರೆ. ಸಾಹೇಬರು ಗುಂಡಗಿರುವ ನಕ್ಷತ್ರ ತೋರಿಸಿದರೆ ಟ್ಯಾಂಕು ಆ ಕಡೆ. ಜೀರಿಗೆ ತೋರಿಸಿದರೆ ಟ್ಯಾಂಕು ಈ ಕಡೆ.

ಆ ದಿನ ಮಂಗಳವಾರ.

ಮೊಳೆ ಅಂಗಡಿಯ ಯಜಮಾನರೇ ಸಮಿತಿಯ ಅಧ್ಯಕ್ಷರು. ಬೇರೆ ಯಾರಾದರೂ ಆಗಿದ್ದರೆ ಅವತ್ತು ಅಂಗಡಿಗೆ ಹೋಗಿ ನಾಲ್ಕು ಒಳ್ಳೆಯ ಮಾತಾಡಿ, ಅವರ ಮಂಡಿನೋವು ವಿಚಾರಿಸಿ, ಸ್ಕ್ರೂ ತೆಗೆದುಕೊಂಡು ತೆಪ್ಪಗೆ ಬರುತ್ತಿದ್ದರು. ಸಾಹೇಬರೂ ಸ್ಕ್ರೂ ತೆಗೆದುಕೊಂಡರು. ಜೇಬಿಗೂ ಹಾಕಿಕೊಂಡರು. ಆಮೇಲೆ ಅವರ ಕಣ್ಣು ತಕ್ಕಡಿಯ ಮೇಲೆ ಬಿತ್ತು. ಯಜಮಾನರು ಒಬ್ಬ ಬಡಗಿಗೆ ಮೊಳೆ ತೂಗುತ್ತಿದ್ದರು. ಎರಡು ತಟ್ಟೆಗಳ ಹಳೆಯ ಕಾಲದ ತಕ್ಕಡಿ. ಮಧ್ಯದ ಮುಳ್ಳು ನೆಟ್ಟಗೆ, ಶಿಸ್ತಾಗಿ ನಿಂತಿತ್ತು.

"ಯಜಮಾನ್ರೇ, ಈ ಮುಳ್ಳು ಯಾಕೆ ಅಲುಗ್ತಾ ಇಲ್ಲ?"

"ಅಷ್ಟು ಕರೆಕ್ಟಾಗಿದೆ ಸಾಹೇಬ್ರೇ. ಎರಡೂ ಕಡೆ ಸಮ. ಸಮ ಇರೋವಾಗ ಯಾಕೆ ಅಲುಗುತ್ತೆ?"

ಸಾಹೇಬರು ಚೀಲದಿಂದ ಹತ್ತು ಗ್ರಾಮಿನ ಬಟ್ಟು ತೆಗೆದು ಒಂದು ತಟ್ಟೆಗೆ ಹಾಕಿದರು. ಹಲ್ಲುಜ್ಜುವ ಬ್ರಷ್ಷು ಮರೆತರೂ ಆ ಬಟ್ಟುಗಳನ್ನು ಅವರು ಮರೆತವರಲ್ಲ. ಮುಳ್ಳು ಕದಲಲಿಲ್ಲ. ಇಪ್ಪತ್ತು ಹಾಕಿದರು. ಐವತ್ತು ಹಾಕಿದರು. ಮುಳ್ಳು ಮಾವನ ಮನೆಗೆ ಬಂದ ಅಳಿಯನ ಹಾಗೆ ಕೂತಲ್ಲಿಂದ ಅಲ್ಲಾಡಲಿಲ್ಲ.

"ನಿಜವಾದ ಮುಳ್ಳು ನಡುಗುತ್ತೆ ಯಜಮಾನ್ರೇ!" ಸಾಹೇಬರ ದನಿ ರಸ್ತೆಗೆ ಕೇಳಿಸಿತು. "ನೊಣ ಕೂತ್ರೆ ನಡುಗುತ್ತೆ, ಪಕ್ಕದಲ್ಲಿ ಯಾರಾದ್ರೂ ಉಸಿರು ಬಿಟ್ರೆ ನಡುಗುತ್ತೆ. ಇಪ್ಪತ್ತೆರಡು ವರ್ಷದಿಂದ ನೋಡ್ತಿದ್ದೀನಿ. ಅಲುಗದೇ ಇರೋ ಮುಳ್ಳು ಸುಳ್ಳು ಹೇಳೋ ಮುಳ್ಳು!"

ಯಜಮಾನರು ಗಾಬರಿಯಾಗಿ ತಕ್ಕಡಿಯ ಕೊರಳನ್ನು ತಡಕಿದರು. ಅರ್ಧ ಇಂಚಿನ ಒಂದು ಮೊಳೆ ಅಲ್ಲಿ ಸಿಕ್ಕಿಕೊಂಡಿತ್ತು. ಕಿತ್ತ ತಕ್ಷಣ ಮುಳ್ಳು ಬಳಬಳ ಅಲ್ಲಾಡಿತು.

"ನೋಡಿ, ಪಾಪಿ ಮೊಳೆ! ನಾನೇನು ಬೇಕೂಂತ ಮಾಡಿದ್ನಾ? ಸರಿಹೋಯ್ತಲ್ಲ ಈಗ."

"ಪರೀಕ್ಷೆ ಮುಗಿದ ಮೇಲೆ ಸರಿಮಾಡಿದ್ದು ಲೆಕ್ಕಕ್ಕೆ ಬರಲ್ಲ."

"ಅರ್ಧ ನಿಮಿಷ ಆಗಿಲ್ಲ ಸಾಹೇಬ್ರೇ!"

"ಅರ್ಧ ನಿಮಿಷ ಆದ್ರೂ ಅಷ್ಟೇ, ಅರ್ಧ ವರ್ಷ ಆದ್ರೂ ಅಷ್ಟೇ. ಪರೀಕ್ಷೆ ಹೊತ್ತಲ್ಲಿ ಹೇಗಿತ್ತೋ ಅದೇ ಸತ್ಯ."

ತಂತಿ ಕಟ್ಟಿ ಸೀಸದ ಸೀಲು ಒತ್ತಿದರು. ಚೀಟಿ ಬರೆದರು. ಸಾಕ್ಷಿಗೆ ಬಡಗಿಯ ಸಹಿ ಹಾಕಿಸಿದರು. ಯಜಮಾನರು ಚೀಟಿಯನ್ನು ಎರಡು ಸಲ ಓದಿ ಮಡಿಸಿ ಜೇಬಿನಲ್ಲಿಟ್ಟುಕೊಂಡು, "ರಾತ್ರಿ ಒಂಬತ್ತೂವರೆಗೆ ಮೇಲೆ ಬರ್ತೀನಿ ಸಾಹೇಬ್ರೇ. ನಿಮ್ಮ ಪರೀಕ್ಷೆಗೆ" ಎಂದರು. ಬಹಳ ಮೆತ್ತಗೆ ಎಂದರು.

"ಇವತ್ತೇ ಸೀಲ್ ಹಾಕ್ಬೇಕಿತ್ತಾ?" ಮನೆಯಲ್ಲಿ ವಿಷಯ ಕೇಳಿ ಹೆಂಡತಿ ಹಣೆ ಚಚ್ಚಿಕೊಂಡಳು. "ನಾಳೆ ಹಾಕಿದ್ರೆ ತಕ್ಕಡಿ ಓಡಿಹೋಗ್ತಿತ್ತಾ?"

"ನ್ಯಾಯಕ್ಕೆ ಇವತ್ತು ನಾಳೆ ಅಂತ ಇಲ್ಲ."

"ಟ್ಯಾಂಕಿಗೆ ಇದೆ. ನಾಳೆ ಬೆಳಿಗ್ಗೆ ಏಳಕ್ಕೆ ಲಾರಿ ಬರುತ್ತಂತೆ."

ಸಾಹೇಬರು ಅವತ್ತು ಕಚೇರಿಯಿಂದ ಒಂದು ಗಂಟೆ ಮೊದಲೇ ಹೊರಟರು. ಹಾಗೆ ಹೊರಟಿದ್ದನ್ನು ಹಾಜರಿ ಪುಸ್ತಕದಲ್ಲಿ ತಾವೇ ಬರೆದು ಬಂದರು. ಸೂರ್ಯ ಮುಳುಗುವ ಹೊತ್ತಿಗೆ ತಾರಸಿಯಲ್ಲಿ ಎಲ್ಲ ಸಿದ್ಧವಾಗಿತ್ತು. ಟೆಲಿಸ್ಕೋಪಿನ ಮೂರು ಕಾಲು ಮೂಲೆಯ ನೆಲದಲ್ಲಿ ಅವರೇ ಉಳಿಯಿಂದ ಕೊರೆದಿದ್ದ ಮೂರು ಗುಳಿಗಳಲ್ಲಿ ಕೂತಿದ್ದವು. ಸ್ಕ್ರೂ ಬಿಗಿದಾಗಿತ್ತು. ಮೊದಲ ನಕ್ಷತ್ರ ಕಂಡ ಕೂಡಲೇ ಪುಟ್ಟ ಟೆಲಿಸ್ಕೋಪಿಗೆ ಅದನ್ನು ತೋರಿಸಿ, ಯಂತ್ರಕ್ಕೆ ಎಡಬಲ ಮೇಲೆಕೆಳಗೆ ಕಲಿಸಿದರು. ಮುಕ್ಕಾಲು ಗಂಟೆ ಹಿಡಿಯಿತು, ಆದರೆ ಯಂತ್ರ ಕಲಿಯಿತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದು ಗೆರೆ ಓಡತೊಡಗಿತು. ನಕ್ಷತ್ರ ಜಾರಿದರೆ ಗೆರೆ ಏರಿಳಿಯುತ್ತದೆ, ಜಾರದಿದ್ದರೆ ಮಟ್ಟಸವಾಗಿರುತ್ತದೆ.

ಗೆರೆ ಸಣ್ಣಗೆ ನಡುಗುತ್ತಿತ್ತು.

ಸಾಹೇಬರು ಹುಬ್ಬು ಗಂಟಿಕ್ಕಿದರು. ಹೊಸ ಯಂತ್ರ, ಹೊಸ ಸ್ಕ್ರೂ, ಗಾಳಿಯಿಲ್ಲದ ರಾತ್ರಿ. ಮತ್ತೆ ಯಾಕೆ ನಡುಗಬೇಕು? ತಿರುಗಿ ನೋಡಿದರೆ ತಾರಸಿಯ ಆ ತುದಿಯಿಂದ ತಾತ ಚಪ್ಪಲಿ ಚಟಪಟ ಮಾಡಿಕೊಂಡು ಬರುತ್ತಿದ್ದ. ಊಟಕ್ಕೆ ಮುಂಚೆ ನಲವತ್ತು ಸುತ್ತು ಹಾಕುವುದು ಅವನ ಪದ್ಧತಿ.

"ತಾತ! ನೀವು ಇಡೋ ಒಂದೊಂದು ಹೆಜ್ಜೆಗೂ ನನ್ನ ನಕ್ಷತ್ರ ಬೆಚ್ಚಿಬೀಳ್ತಿದೆ!"

"ನಾನೇನು ಆನೆನೇನಪ್ಪ? ಐವತ್ತೆರಡು ಕೆಜಿ ಇದ್ದೀನಿ."

"ಚಪ್ಪಲಿ ಸೇರಿ ಐವತ್ತೆರಡೂ ಮುಕ್ಕಾಲು. ಕೂತ್ಕೊಳ್ಳಿ!"

"ಇನ್ನೂ ಹದಿನೇಳು ಸುತ್ತು ಬಾಕಿ ಇದೆ. ಡಾಕ್ಟ್ರು ಬೈತಾರೆ."

"ಡಾಕ್ಟ್ರಿಗೆ ನಾನು ಹೇಳ್ತೀನಿ!"

ತಾತ ಒಂದು ಬಕೆಟ್ಟನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತ. ಗೆರೆ ಇನ್ನೂ ನಡುಗುತ್ತಿತ್ತು. ಹಾಗಾದರೆ ಲಿಫ್ಟು! ಲಿಫ್ಟಿನ ಮೋಟಾರು ತಾರಸಿಯ ಮೇಲೇ ಇದೆಯಲ್ಲ! ಸಾಹೇಬರು ಎದ್ದೆನೋ ಬಿದ್ದೆನೋ ಎಂದು ಇಳಿದು ಅಧ್ಯಕ್ಷರ ಬಾಗಿಲು ಬಡಿದರು. ಲಿಫ್ಟು ನಿಲ್ಲಿಸಬೇಕು. ಮಿಕ್ಸಿ, ವಾಷಿಂಗ್ ಮಷೀನು ನಿಲ್ಲಿಸಬೇಕು. ದೀಪ ಆರಿಸಬೇಕು. ಯಾರೂ ಓಡಾಡಬಾರದು. ಒಂಬತ್ತೂವರೆವರೆಗೆ.

ಯಜಮಾನರು ರೇಗುತ್ತಾರೆ ಎಂದುಕೊಂಡಿದ್ದರು. ಅವರು ನಕ್ಕರು. ತಾವೇ ಮೆಟ್ಟಿಲ ಬಳಿ ನಿಂತು ಕೂಗಿ ಹೇಳಿದರು: "ಎಲ್ಲರೂ ಸಾಹೇಬರು ಹೇಳಿದ ಹಾಗೆ ಮಾಡ್ರಪ್ಪ. ಆಮೇಲೆ ಅವರಿಗೆ ನೆಪ ಅಂತ ಒಂದೂ ಉಳೀಬಾರದು."

ಎರಡನೇ ಮಹಡಿಯ ಟೀಚರಮ್ಮ ಮಾತ್ರ ಬಾಗಿಲಿಗೆ ಅಡ್ಡ ನಿಂತಳು. ಅವಳ ಮನೆಯಲ್ಲಿ ಇಪ್ಪತ್ತು ಮಕ್ಕಳ ಟ್ಯೂಷನ್ ನಡೆಯುತ್ತಿತ್ತು.

"ನಾಳೆ ಗಣಿತ ಪರೀಕ್ಷೆ ಸಾರ್! ದೀಪ ಆರಿಸಿದ್ರೆ ಮಕ್ಕಳು ಏನ್ ಮಾಡ್ಬೇಕು?"

"ಬಾಯಲ್ಲಿ ಮಗ್ಗಿ ಹೇಳಿಸಿ."

"ಬಾಯಿ ಅಲುಗಿದ್ರೆ ಕಟ್ಟಡ ಅಲುಗಲ್ವಾ?"

"ಮೆಲ್ಲಗೆ ಹೇಳಿಸಿ!" ಎಂದು ಸಾಹೇಬರು ಕಟ್ಟಡ ಅದುರುವಂತೆ ಕೂಗಿದರು.

ದೀಪಗಳು ಒಂದೊಂದಾಗಿ ಆರಿದವು. ಐದು ಮಹಡಿಯ ಜನ ಕತ್ತಲಲ್ಲಿ ಕೂತು ಸಾಹೇಬರ ವಂಶವನ್ನು ಮೆಲುದನಿಯಲ್ಲಿ ಹರಸಿದರು. ಎರಡನೇ ಮಹಡಿಯಿಂದ ಹದಿಮೂರರ ಮಗ್ಗಿ ಪಿಸುಮಾತಿನಲ್ಲಿ ಹೊರಟಿತು. ಸಾಹೇಬರು ಮೇಲೆ ಓಡಿ ಬಂದು ನೋಡಿದರೆ ಗೆರೆ ಸಣ್ಣಗೆ ನಡುಗುತ್ತಲೇ ಇತ್ತು.

ಅವರಿಗೆ ಅಳುವೇ ಬಂತು. ಹನ್ನೊಂದು ತಿಂಗಳು ಚಳಿ ಸೊಳ್ಳೆ ಎನ್ನದೆ ಕಾದದ್ದು ಇದಕ್ಕೇನಾ? ಈ ಕಟ್ಟಡದಲ್ಲಿ ಇನ್ನೂ ಯಾರೋ ಅಲುಗುತ್ತಿದ್ದಾರೆ. ಬೇಕೆಂದೇ ಅಲುಗುತ್ತಿದ್ದಾರೆ. ಯಾರೆಂದು ಗೊತ್ತಾಗಲಿ, ಅವರಿಗೂ ಸೀಲು ಹಾಕುತ್ತೇನೆ ಎಂದು ಹಲ್ಲು ಕಡಿದರು.

ಅಷ್ಟರಲ್ಲಿ ತಾರಸಿಯ ಬಾಗಿಲು ದಡಾರನೆ ತೆರೆಯಿತು. ಟ್ಯೂಷನ್ ಮುಗಿಸಿದ ಟೀಚರಮ್ಮ ಮಕ್ಕಳು ಕೂರುವ ಜಮಖಾನವನ್ನು ಹೊತ್ತು ತಂದಿದ್ದಳು. ಸಾಹೇಬರು ಬೇಡ ಬೇಡ ಎನ್ನುವುದರೊಳಗೆ ಒಮ್ಮೆ ಝಾಡಿಸಿ ಒದರಿದಳು. ಇಪ್ಪತ್ತು ಮಕ್ಕಳ ನಲವತ್ತು ಕಾಲಿನ ಧೂಳು ಆಕಾಶಕ್ಕೆ ಎದ್ದಿತು. ಸಾಹೇಬರು ಹಾರಿ ಬಿದ್ದು ಎರಡೂ ಕೈಯಲ್ಲಿ ಎರಡೂ ಟೆಲಿಸ್ಕೋಪಿಗೆ ಮುಚ್ಚಳ ಜಡಿದರು.

"ನಿಮಗೆ ಬುದ್ಧಿ ಇದೆಯೇನ್ರೀ? ಇದೇನು ಜಮಖಾನ ಒದರೋ ಹೊತ್ತಾ?"

"ದಿನಾ ಇದೇ ಹೊತ್ತು. ಧೂಳು ಒದರೋಕೂ ನಿಮ್ಮ ಇಲಾಖೆ ಪರವಾನಗಿ ಬೇಕಾ?"

"ಈ ಗಾಜಿನ ಮೇಲೆ ಒಂದು ಕಣ ಬಿದ್ರೆ ಏನಾಗುತ್ತೆ ಗೊತ್ತಾ?"

"ನನ್ನ ಇಪ್ಪತ್ತು ಮಕ್ಕಳಲ್ಲಿ ಒಬ್ಬ ಫೇಲಾದ್ರೆ ಏನಾಗುತ್ತೆ, ನಿಮಗೆ ಗೊತ್ತಾ?"

ಬಕೆಟ್ಟಿನ ಮೇಲಿಂದ ತಾತ ಇಬ್ಬರನ್ನೂ ಸಮಾಧಾನ ಮಾಡಲು ಹೋಗಿ ಇಬ್ಬರಿಂದಲೂ ಬೈಸಿಕೊಂಡ. ಟೀಚರಮ್ಮ ಉಳಿದ ಧೂಳನ್ನು ತನ್ನ ಮನೆಯಲ್ಲೇ ಒದರಿಕೊಳ್ಳುತ್ತೇನೆ ಎಂದು ಜಮಖಾನ ಸುತ್ತಿಕೊಂಡು ಇಳಿಯುವಾಗ ಗಂಟೆ ಒಂಬತ್ತಾಗಿತ್ತು. ಗಡಿಬಿಡಿಯಲ್ಲಿ ದೊಡ್ಡ ಟೆಲಿಸ್ಕೋಪಿನ ಮುಚ್ಚಳ ಕಿತ್ತು, ಅದರ ಗಾಜಿಗೆ ಕರವಸ್ತ್ರದಿಂದ ಗಾಳಿ ಬೀಸಿ, ಒಂದು ಕಣವೂ ಕೂತಿಲ್ಲವೆಂದು ಖಾತ್ರಿ ಮಾಡಿಕೊಂಡು, ನೀಹಾರಿಕೆಯ ಕಡೆಗೆ ತಿರುಗಿಸಿದರು. ಲ್ಯಾಪ್‌ಟಾಪು ನಕ್ಷತ್ರ ಕಳೆದುಹೋಗಿದೆ ಎಂದು ಕೀಂ ಕೀಂ ಅಳುತ್ತಿತ್ತು. ನೀನೇ ಒಂದು ಹುಡುಕಿಕೋ ಎಂಬ ಗುಂಡಿಯನ್ನು ಒತ್ತಿದರು. ಅದು ಹುಡುಕಿಕೊಂಡಿತು. ಪರದೆಯ ಮೇಲೆ ಒಂದೇ ಒಂದು ಚುಕ್ಕೆ, ಅಕ್ಕಪಕ್ಕ ಇನ್ನೊಂದಿಲ್ಲ. ಒಳ್ಳೆಯದೇ ಆಯಿತು, ಗೊಂದಲವಿಲ್ಲ ಎಂದುಕೊಂಡರು.

ಗೆರೆ ಓಡತೊಡಗಿತು. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗೆರೆ ಹೊಸದಾಗಿ ಗಾರೆ ಹಾಕಿದ ನೆಲದ ಹಾಗೆ ಮಟ್ಟಸವಾಗಿತ್ತು. ಒಂದು ನಿಮಿಷವಾಯಿತು, ಐದು ನಿಮಿಷವಾಯಿತು. ಒಂದು ಎಳೆ ಏರಲಿಲ್ಲ, ಒಂದು ಎಳೆ ಇಳಿಯಲಿಲ್ಲ.

"ತಾತ!" ಸಾಹೇಬರು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದರು. "ನೋಡಿ ತಾತ! ಅಲುಗ್ತಾ ಇಲ್ಲ! ನಾನು ಬಡ್ಕೋತಾ ಇದ್ದೆ, ಎಲ್ಲ ಈ ಕಟ್ಟಡದ ಜನರದ್ದೇ ತಪ್ಪು ಅಂತ. ಕದಲದೆ ಕೂತ ಮೇಲೆ ಹೇಗೆ ಸರಿಹೋಯ್ತು ನೋಡಿ!"

"ಹಾಗಾದ್ರೆ ನಾನು ಏಳಬಹುದಾ?"

"ಏಳ್ಬೇಡಿ!"

ಒಂಬತ್ತೂಕಾಲಿಗೆ ದೊಡ್ಡ ಕ್ಯಾಮೆರಾದ ಕಣ್ಣು ತೆರೆದರು. ಜೀವನದಲ್ಲೇ ಮೊದಲ ಸಲ ಇಪ್ಪತ್ತು ನಿಮಿಷದ ಒಂದೇ ಫೋಟೋ. ಅಷ್ಟು ಧೈರ್ಯ ಬಂದಿತ್ತು. ಒಂಬತ್ತೂವರೆಗೆ ಸರಿಯಾಗಿ ಯಜಮಾನರು ಸಮಿತಿಯ ನಡಾವಳಿ ಪುಸ್ತಕ ಹಿಡಿದು ಬಂದರು. ಹಿಂದೆ ಟೀಚರಮ್ಮ. ತಾತನೂ ಸಮಿತಿಯ ಸದಸ್ಯನೇ ಆದ್ದರಿಂದ ಕೋರಂ ಆಯಿತು.

"ಎಲ್ಲಿ ಗುಂಡಗಿರೋ ನಕ್ಷತ್ರ?"

"ದೊಡ್ಡ ಫೋಟೋ ಬರೋಕೆ ಇನ್ನೂ ಐದು ನಿಮಿಷ ಇದೆ. ಅಲ್ಲೀವರೆಗೆ ಇದನ್ನು ನೋಡಿ." ಸಾಹೇಬರು ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎತ್ತಿ ತೋರಿಸಿದರು. ಚುಕ್ಕೆ ಗುಂಡಗಿತ್ತು. ಗೆರೆ ಮಟ್ಟಸವಾಗಿತ್ತು.

"ಗುಂಡಗಿದೆ" ಎಂದಳು ಟೀಚರಮ್ಮ. ಅವಳಿಗೆ ಮನೆಯ ದೀಪ ಹಾಕಬೇಕಿತ್ತು.

"ಬಟಾಣಿ ಹಾಗಿದೆ" ಎಂದ ತಾತ. ಅವನಿಗೆ ಬಕೆಟ್ಟಿನಿಂದ ಏಳಬೇಕಿತ್ತು.

ಯಜಮಾನರು ಮಾತ್ರ ಗೆರೆಯನ್ನೇ ಬಹಳ ಹೊತ್ತು ನೋಡಿದರು. "ಈ ಗೆರೆ ಏನು ಸಾಹೇಬ್ರೇ?"

"ತಕ್ಕಡಿಗೆ ಮುಳ್ಳು ಇದ್ದ ಹಾಗೆ."

"ಅಲುಗ್ತಾನೇ ಇಲ್ವಲ್ಲ?"

"ಅಷ್ಟು ನಿಖರವಾಗಿದೆ ಅಂತ ಅರ್ಥ!"

"ಹಾಗೇ ಬರ್ಕೊಳ್ಳಲಾ?" ಯಜಮಾನರು ಪೆನ್ನು ತೆಗೆದರು.

"ಬರ್ಕೊಳ್ಳಿ! ಮುಳ್ಳು ಅಲುಗದೆ ಇರುವುದರಿಂದ ಉಪಕರಣವು ನಿಖರವಾಗಿದೆ ಎಂದು ಒಪ್ಪಿ, ಟ್ಯಾಂಕನ್ನು ದಕ್ಷಿಣದ ಮೂಲೆಯಲ್ಲಿ ಕೂರಿಸಲು ತೀರ್ಮಾನಿಸಲಾಯಿತು."

ಯಜಮಾನರು ಒಂದಕ್ಷರ ಬಿಡದೆ ಬರೆದರು. ಟಾರ್ಚಿನ ಬೆಳಕಿನಲ್ಲಿ ಮೂವರೂ ಸಹಿ ಹಾಕಿದರು. ಸಾಹೇಬರೂ ಹಾಕಿದರು, ಹುದ್ದೆಯ ಸಮೇತ. ಮೂಲೆ ಉಳಿಯಿತು. ಮೂರು ಗುಳಿಗಳೂ ಉಳಿದವು. ಆ ಕ್ಷಣ ಸಾಹೇಬರಿಗಾದ ಸಂತೋಷವನ್ನು ತೂಗುವ ಬಟ್ಟು ಅವರ ಚೀಲದಲ್ಲೂ ಇರಲಿಲ್ಲ.

ಅಷ್ಟೊತ್ತಿಗೆ ಹೆಂಡತಿ ಸ್ವೆಟರು ಹಿಡಿದುಕೊಂಡು ಮೇಲೆ ಬಂದಳು. ವಿಷಯ ತಿಳಿದು ಅವಳ ಮುಖವೂ ಅರಳಿತು. ಬಾಯಲ್ಲಿ ಎಷ್ಟೇ ಆಡಿಕೊಂಡರೂ ಹನ್ನೊಂದು ತಿಂಗಳು ಗಂಡ ಬರಿಗೈಯಲ್ಲಿ ಮೆಟ್ಟಿಲಿಳಿದು ಬರುವುದನ್ನು ನೋಡಿದವಳು ಅವಳೊಬ್ಬಳೇ. 'ಹಿಂದಿನ ಸೀಟಿನ ಹೆಂಡತಿ'ಯಾದ ಪುಟ್ಟ ಟೆಲಿಸ್ಕೋಪನ್ನು ಪ್ರೀತಿಯಿಂದ ಸವರಲು ಹೋದಳು. ಕೈ ಅಲ್ಲೇ ನಿಂತಿತು. ಗಂಡನ ಕಿವಿಯ ಹತ್ತಿರ ಬಾಗಿದಳು.

"ರೀ, ಇದರ ಮುಚ್ಚಳ ಹಾಕೇ ಇದೆಯಲ್ರೀ."

ಸಾಹೇಬರು ಕೈಚಾಚಿ ಮುಟ್ಟಿದರು. ಹಾಕೇ ಇತ್ತು. ಜಮಖಾನದ ಧೂಳಿಗೆ ಹೆದರಿ ತಾವೇ ಜಡಿದ ಮುಚ್ಚಳ.

ಅವರಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಬೆಳಕಿಲ್ಲದಿದ್ದರೂ ಸುಮ್ಮಸುಮ್ಮನೆ ಹೊಳೆಯುವ ಕೆಟ್ಟ ಚುಕ್ಕೆ ಎಲ್ಲ ಕ್ಯಾಮೆರಾದಲ್ಲೂ ಒಂದೆರಡಿರುತ್ತವೆ ಎಂದು ಅವರೇ ಓದಿದ್ದರು. ಯಂತ್ರ ಅದನ್ನೇ ನಕ್ಷತ್ರವೆಂದು ಹಿಡಿದುಕೊಂಡಿತ್ತು. ಅದು ಆಕಾಶದಲ್ಲಿಲ್ಲ, ಕ್ಯಾಮೆರಾದ ಹೊಟ್ಟೆಯೊಳಗಿದೆ. ಅದು ಎಲ್ಲಿಗೆ ಜಾರೀತು? ಅದೇ ಹೊತ್ತಿಗೆ ದೊಡ್ಡ ಫೋಟೋ ಮುಗಿದು ಪರದೆಗೆ ಬಂತು. ಜೀರಿಗೆ. ಇಪ್ಪತ್ತು ನಿಮಿಷದ್ದಾದ್ದರಿಂದ ಇನ್ನೂ ಉದ್ದ. ಸಾಹೇಬರು ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದರು. ಬೇರೆ ಯಾರೂ ನೋಡಿರಲಿಲ್ಲ.

"ಸುಮ್ನಿರಿ" ಎಂದಳು ಹೆಂಡತಿ ಪಿಸುದನಿಯಲ್ಲಿ. "ನಿಮ್ಮ ದಮ್ಮಯ್ಯ, ಇದೊಂದು ಸಲ ಸುಮ್ನಿರಿ. ಮೂಲೆ ಉಳಿದಿದೆ."

ಸಾಹೇಬರು ಸುಮ್ಮನಿದ್ದರು. ನಿಜವಾಗಿಯೂ ಸುಮ್ಮನಿದ್ದರು. ಯಜಮಾನರು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲವರೆಗೆ ಹೋಗಿ ತಿರುಗಿದರು.

"ಸಾಹೇಬ್ರೇ, ನಾಳೆ ಬೆಳಿಗ್ಗೆ ಬಂದು ನನ್ನ ತಕ್ಕಡಿ ಸೀಲ್ ಬಿಚ್ಚಿಬಿಡಿ. ಮುಳ್ಳು ಅಲುಗದಿದ್ರೆ ನಿಖರ ಅಂತ ನೀವೇ ಸಹಿ ಹಾಕಿದ್ದೀರಿ, ಹುದ್ದೆ ಬೇರೆ ಬರೆದಿದ್ದೀರಿ. ನಿಮ್ಮ ಇಲಾಖೆಗೂ ಒಂದು ನಕಲು ಕಳಿಸ್ತೀನಿ. ಬೇಜಾರಿಲ್ಲ ತಾನೇ?"

ಅವರು ಮೆಟ್ಟಿಲಿಳಿಯತೊಡಗಿದರು. ಒಂದು, ಎರಡು, ಮೂರು. ಸಾಹೇಬರು ಮೂರು ಗುಳಿಗಳನ್ನು ನೋಡಿದರು. ನಾಲ್ಕು, ಐದು. ಹೆಂಡತಿ ಅವರ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆರು, ಏಳು. ಇಪ್ಪತ್ತೆರಡು ವರ್ಷದಲ್ಲಿ ಸೀಲು ಹಾಕಿದ ತಕ್ಕಡಿಗಳೆಲ್ಲ ಅವರ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು. ಎಂಟನೇ ಮೆಟ್ಟಿಲಿಗೆ ತಡೆಯಲಾಗಲಿಲ್ಲ.

"ಸುಳ್ಳು!" ಎಂದು ಕೂಗಿದರು. "ಸುಳ್ಳು ಮುಳ್ಳು ಅದು! ವಾಪಸ್ ಬನ್ರೀ ಯಜಮಾನ್ರೇ! ಅರ್ಧ ಗಂಟೆಯಿಂದ ಮುಚ್ಚಳ ಹಾಕ್ಕೊಂಡು ಆಕಾಶ ನೋಡ್ತಿದ್ದೀನಿ ನಾನು! ಅಂಥವನಿಗೆ ಮೂಲೆ ಬರೆದುಕೊಟ್ರಲ್ಲ, ನಿಮಗೆ ನಾಚಿಕೆ ಆಗಲ್ವಾ? ಒಬ್ಬರಾದ್ರೂ ಮುಟ್ಟಿ ನೋಡಿದ್ರಾ? ಇದಾ ಪರೀಕ್ಷೆ ಮಾಡೋ ರೀತಿ?"

ಯಜಮಾನರು ಎಂಟು ಮೆಟ್ಟಿಲನ್ನೂ ವಾಪಸ್ ಹತ್ತಿ ಬಂದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

"ಅಂದ್ರೆ ನನ್ನ ಮಕ್ಕಳು ಕತ್ತಲಲ್ಲಿ ಮಗ್ಗಿ ಪಿಸುಗುಟ್ಟಿದ್ದು ಬರೀ ದಂಡಾನಾ?"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ! ಹದಿನೇಳು ಸುತ್ತು ಹೋಯ್ತಲ್ಲಯ್ಯ ನಂದು!"

ಸುದ್ದಿ ಲಿಫ್ಟಿಗಿಂತ ಬೇಗ ಇಳಿಯಿತು. ಐದು ಮಹಡಿಯ ದೀಪಗಳು ಒಟ್ಟಿಗೆ ಹತ್ತಿದವು. ಲಿಫ್ಟು ಗುಡುಗಿತು. ಎಲ್ಲರ ಮನೆಯ ಮಿಕ್ಸಿಗಳೂ ಸೇಡಿಗೆ ಬಿದ್ದಂತೆ ಅರಚಿದವು. ತಾತ ಬಾಕಿ ಸುತ್ತುಗಳನ್ನು ಬಡ್ಡಿ ಸಮೇತ ತೀರಿಸುವವನಂತೆ ನೆಲ ಒದೆಯುತ್ತ ನಡೆಯತೊಡಗಿದ. ಯಜಮಾನರು ನೆಲದ ಮೇಲೆ ಕೂತು ನಡಾವಳಿಗೆ ಅಡ್ಡಗೆರೆ ಎಳೆದು ಹೊಸದಾಗಿ ಬರೆಯತೊಡಗಿದರು.

ಸಾಹೇಬರ ಕೈ ಮಾತ್ರ ಅಭ್ಯಾಸಬಲದಿಂದ ಪುಟ್ಟ ಟೆಲಿಸ್ಕೋಪಿನ ಮುಚ್ಚಳ ತೆಗೆಯಿತು. ಲ್ಯಾಪ್‌ಟಾಪು ಬಿಚ್ಚಿ ಗುಂಡಿ ಒತ್ತಿತು. ಈ ಸಲ ಪರದೆಯ ತುಂಬ ನಕ್ಷತ್ರಗಳು. ಯಂತ್ರ ಒಂದನ್ನು ಹಿಡಿದುಕೊಂಡಿತು. ಗೆರೆ ಸಣ್ಣಗೆ ನಡುಗುತ್ತ ಓಡಿತು, ಸಂಜೆ ನಡುಗಿದ್ದ ಹಾಗೆಯೇ. ಅವರು ದೊಡ್ಡ ಕ್ಯಾಮೆರಾದ ಕಣ್ಣು ತೆರೆದರು, ಐದು ನಿಮಿಷಕ್ಕೆ. ಆಸೆಯಿಂದಲ್ಲ. ಟ್ಯಾಂಕು ಬರುವ ಮೊದಲು ಕೊನೆಯದಾಗಿ ಒಂದು ಎಂದು.

ಲಿಫ್ಟು ಏರಿಳಿಯಿತು, ಮಿಕ್ಸಿಗಳು ತಿರುಗಿದವು, ತಾತ ಒದ್ದ. ಐದು ನಿಮಿಷವಾಯಿತು. ಪರದೆಗೆ ಫೋಟೋ ಬಂತು.

ದೀಪಗಳಿಂದಾಗಿ ಹಿನ್ನೆಲೆ ತುಸು ಬೆಳ್ಳಗಿತ್ತು. ಆದರೆ ನಕ್ಷತ್ರಗಳು ಗುಂಡಗಿದ್ದವು. ಒಂದಲ್ಲ ಎರಡಲ್ಲ, ನೂರಾರು, ಸೂಜಿಯ ತಲೆಯ ಹಾಗೆ. ಮಧ್ಯದಲ್ಲಿ ನೀಹಾರಿಕೆ ಹೊಗೆಯಂತೆ ಹರಡಿತ್ತು. ಹಾಗಾದರೆ ಸಂಜೆಯೇ ಎಲ್ಲ ಸರಿಯಿತ್ತು. ಯಾರೂ ಕತ್ತಲಲ್ಲಿ ಕೂರಬೇಕಾಗಿರಲಿಲ್ಲ. ನಿಜವಾದ ಮುಳ್ಳು ನಡುಗುತ್ತದೆ ಎಂದು ಬೆಳಿಗ್ಗೆ ಯಾರೋ ಹೇಳಿದ್ದರಲ್ಲ!

"ಯಜಮಾನ್ರೇ!" ಸಾಹೇಬರು ಲ್ಯಾಪ್‌ಟಾಪು ಹಿಡಿದು ಓಡಿದರು. "ನೋಡಿ! ಗುಂಡಗಿದೆ! ಎಲ್ಲಾನೂ ಗುಂಡಗಿದೆ!"

ಯಜಮಾನರು ಬರೆಯುವುದನ್ನು ನಿಲ್ಲಿಸಿ ಫೋಟೋವನ್ನು ಮೇಲಿಂದ ಕೆಳಗೆ ನೋಡಿದರು. ಬೆರಳಿಟ್ಟು ನೋಡಿದರು. ತಾತನನ್ನೂ ಟೀಚರಮ್ಮನನ್ನೂ ಕರೆದು ತೋರಿಸಿದರು.

"ಗುಂಡಗಿದೆ. ಒಪ್ಪಿದೆ. ಬಹಳ ಚೆನ್ನಾಗಿದೆ ಸಾಹೇಬ್ರೇ." ಆಮೇಲೆ ಗಡಿಯಾರ ನೋಡಿದರು. ಹತ್ತು ಗಂಟೆಗೆ ಐದು ನಿಮಿಷವಿತ್ತು. ಜೇಬಿನಿಂದ ಬೆಳಗಿನ ಚೀಟಿ ತೆಗೆದು ಬಿಡಿಸಿದರು. "ಆದ್ರೆ ಪರೀಕ್ಷೆ ಮುಗಿದ ಮೇಲೆ ಸರಿಮಾಡಿದ್ದು ಲೆಕ್ಕಕ್ಕೆ ಬರಲ್ಲ, ಅಲ್ವಾ?"

ಸಾಹೇಬರು ಬಾಯಿ ತೆರೆದರು. ಅನ್ಯಾಯ ಎಂದು ಕೂಗಬೇಕೆಂದು ಇಡೀ ಮೈ ಕುದಿಯಿತು. ಆದರೆ ಯಾರ ಅನ್ಯಾಯ? ಆ ನಿಯಮದಲ್ಲಿ ಒಂದು ಗ್ರಾಮಿನ ದೋಷವೂ ಇರಲಿಲ್ಲ. ಅವರು ಬಾಯಿ ಮುಚ್ಚಿ, ಪೆನ್ನು ತೆಗೆದುಕೊಂಡು, ಹೊಸ ನಡಾವಳಿಗೆ ಸಹಿ ಹಾಕಿದರು. ಈ ಸಲ ಹುದ್ದೆ ಬರೆಯಲಿಲ್ಲ.

ಎಲ್ಲರೂ ಇಳಿದುಹೋದ ಮೇಲೆ ಹೆಂಡತಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದಳು. ಸಾಹೇಬರು ಟೆಲಿಸ್ಕೋಪಿನ ಕಾಲುಗಳನ್ನು ಗುಳಿಯಿಂದ ಒಂದೊಂದಾಗಿ ಎತ್ತುತ್ತಿದ್ದರು.

"ಎಷ್ಟು ಗುಂಡಗಿವೆ ಅಲ್ವೇನ್ರೀ" ಎಂದಳು.

ಸಾಹೇಬರು ಕೊನೆಯ ಕಾಲನ್ನೂ ಗುಳಿಯಿಂದ ಎತ್ತಿದರು.

"ಕೊರಗಬೇಡಿ" ಎಂದು ಅವಳು ಸ್ವೆಟರನ್ನು ಅವರ ಹೆಗಲಿಗೆ ಹೊದಿಸಿದಳು. "ನಾಳೆ ಇಲ್ಲಿಗೆ ಬರೋ ಟ್ಯಾಂಕೂ ಗುಂಡಗೇ ಇದೆಯಂತೆ."